ಮನೆಯ ದಾರಿ ರಾಡಿಯಾಗದಂತೆ ಕಾಯುವುದು ಹೇಗೆ?

ಜತ್ತ: ಜತ್ತ ತಾಲೂಕು ಮಳೆಯ ದಾರಿ ಕಾಯುವ ತಾಲೂಕು. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಭಾಗಕ್ಕೆ ಜೂನ್, ಜುಲೈ ತಿಂಗಳ ಮಳೆ ಕಡಿಮೆ. ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ ಮಳೆಗಳೇ ಇಲ್ಲಿ ಹಿಂಗಾರಿಯ ಆಧಾರ. ಆದರೆ ಇದೇ ಮಳೆ ಎರಡು ದಿನ ಬಿಡದೆ ಸುರಿದರೆ ಪೂರ್ವ ಭಾಗದ ಎರಿ ಭೂಮಿಯಲ್ಲಿರುವ ತೋಟದ ವಸ್ತಿಗಳಿಗೆ ದಾರಿ ಇಲ್ಲದಂತಾಗುತ್ತದೆ.

ಉಮದಿ, ಸಂಖ, ಮಾಡಗ್ಯಾಳ ಮುಂತಾದ ಕಡೆ ಊರೊಳಗಿಗಿಂತ ಹೊಲದಲ್ಲಿ ಮನೆ ಕಟ್ಟಿಕೊಂಡಿರುವ ಕುಟುಂಬಗಳು ಬಹಳ. ಡಾಂಬರು ರಸ್ತೆಯಿಂದ ಮನೆಯ ಬಾಗಿಲಿನವರೆಗೆ ಇರುವುದು ಅರ್ಧ ಕಿಲೋಮೀಟರ ಇಲ್ಲವೆ ಒಂದು ಕಿಲೋಮೀಟರ ಮಣ್ಣಿನ ದಾರಿ. ಮಳೆಯಲ್ಲಿ ಹಾಲಿನ ಕ್ಯಾನು ತಲೆಯ ಮೇಲೆ ಬರಬೇಕು, ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಶಾಲೆಗೆ ಹೋಗಬೇಕು. ಬಸುರಿಗೆ ಬೇನೆ ಬಂದರೆ, ಮುದುಕರಿಗೆ ಎದೆನೋವು ಬಂದರೆ, ಹೊರಸಿನ ಮೇಲೆ ಹೊತ್ತು ರಸ್ತೆಗೆ ತರಬೇಕು. ಆದ್ದರಿಂದ ಮನೆಯ ದಾರಿ ಕಾಯುವುದೆಂದರೆ ಅಂದ ಚೆಂದದ ಮಾತಲ್ಲ, ಜೀವದ ಮಾತು.

ವರ್ಷವರ್ಷವೂ ಗರಸು ಹಾಕಿದರೂ ದಾರಿ ಉಳಿಯುತ್ತಿಲ್ಲ ಎಂಬುದು ಅನೇಕರ ದೂರು. ಗರಸು ಕಡಿಮೆಯಾದದ್ದು ಇದಕ್ಕೆ ಕಾರಣವಲ್ಲ. ನೀರು ಹೋಗಲು ಜಾಗ ಇಲ್ಲದಿರುವುದೇ ಕಾರಣ. ಮೊದಲು ನೀರಿಗೆ ದಾರಿ ಮಾಡಿಕೊಟ್ಟರೆ ಮಾತ್ರ ನಮ್ಮ ದಾರಿ ನಮಗೆ ಉಳಿಯುತ್ತದೆ. ಆ ಕೆಲಸದ ಕ್ರಮವನ್ನೂ, ದಾರಿಯ ಹಕ್ಕಿಗೆ ಸಂಬಂಧಿಸಿದ ಮುಖ್ಯ ಮಾಹಿತಿಯನ್ನೂ ಇಲ್ಲಿ ಕೊಡಲಾಗಿದೆ.

ಎರಿಮಣ್ಣಿನ ಗುಣ

ದಖ್ಖನ್ನಿನ ಕಪ್ಪು ಕಲ್ಲು ಸಾವಿರಾರು ವರ್ಷ ಸವೆದು ಆದದ್ದೇ ಎರಿಮಣ್ಣು. ಇದರಲ್ಲಿರುವ ನುಣುಪಾದ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವುದು, ಮಳೆಗಾಲದಲ್ಲಿ ಗಾಲಿಗೆ ಅಂಟಿ ಮಡ್‌ಗಾರ್ಡಿನೊಳಗೆ ತುಂಬಿಕೊಳ್ಳುವುದು, ಎರಡೂ ಒಂದೇ ಗುಣದ ಎರಡು ಮುಖ. ಹಿಂಗಾರಿ ಜೋಳಕ್ಕೆ ಈ ಗುಣ ವರ. ಹಿಡಿದಿಟ್ಟ ಹಸಿಯ ಮೇಲೆಯೇ ಬೆಳೆ ಬರುತ್ತದೆ. ದಾರಿಗೆ ಮಾತ್ರ ಇದೇ ಗುಣ ಶಾಪ.

ಒಣಗಿದ ಎರಿಮಣ್ಣು ಗಟ್ಟಿಯಾಗಿರುತ್ತದೆ, ಟ್ರ್ಯಾಕ್ಟರಿನ ಭಾರ ಹೊರುತ್ತದೆ. ಒಳಗೆ ನೀರು ಇಳಿದ ಮೇಲೆ ಮನುಷ್ಯನ ಕಾಲಿಗೂ ಅದು ತಡೆಯುವುದಿಲ್ಲ. ಹಸಿ ಇರುವಾಗ ಒಂದು ಟ್ರ್ಯಾಕ್ಟರು ಹಾದುಹೋದರೆ ಆಳವಾದ ಗಾಲಿ ಜಾಡು ಬೀಳುತ್ತದೆ. ಮುಂದಿನ ಮಳೆಯ ನೀರು ಆ ಜಾಡಿನಲ್ಲಿಯೇ ನಿಲ್ಲುತ್ತದೆ, ಜಾಡು ಇನ್ನಷ್ಟು ಆಳವಾಗುತ್ತದೆ. ಹೀಗೆ ಒಂದು ದಿನದ ಅವಸರ ಇಡೀ ಹಂಗಾಮಿನ ದಾರಿಯನ್ನು ಕೆಡಿಸುತ್ತದೆ. ಮಳೆ ನಿಂತ ಮೇಲೆ ಒಂದೆರಡು ದಿನ ಭಾರದ ವಾಹನ ಬಿಡದಿರುವುದು ಖರ್ಚಿಲ್ಲದ ಮೊದಲ ಉಪಾಯ.

ಹಳೆಯ ಪಾಣಂದ ದಾರಿಗಳದು ಇನ್ನೊಂದು ತೊಂದರೆ. ತಲೆಮಾರುಗಳಿಂದ ಚಕ್ಕಡಿ ಓಡಾಡಿ ಅವು ಅಕ್ಕಪಕ್ಕದ ಹೊಲಕ್ಕಿಂತ ತಗ್ಗಾಗಿವೆ. ಎರಡೂ ಕಡೆಯ ಒಡ್ಡಿನ ನೀರು ಅಲ್ಲಿಗೇ ಇಳಿಯುತ್ತದೆ. ಬೇಸಿಗೆಯಲ್ಲಿ ದಾರಿ, ಮಳೆಗಾಲದಲ್ಲಿ ಹಳ್ಳ ಎಂಬಂತೆ ಅವುಗಳ ಸ್ಥಿತಿ. ಇಂಥ ಕಡೆ ಗರಸು ಸುರಿಯುವುದೆಂದರೆ ಹಳ್ಳದಲ್ಲಿ ಹಣ ಸುರಿದಂತೆ.

ಮೊದಲು ಗಟಾರ

ಕೆಲಸಕ್ಕೆ ತಕ್ಕ ಸಮಯ ಬಸವ ಜಯಂತಿಯಿಂದ ಕಾರಹುಣ್ಣಿಮೆಯೊಳಗೆ. ರೋಹಿಣಿ ಮಳೆಯ ಒಂದೆರಡು ಹನಿ ಬಿದ್ದಿದ್ದರೆ ಇನ್ನೂ ಒಳ್ಳೆಯದು. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ನೀರು ನಿಂತ ಜಾಗದಲ್ಲಿ ಗೂಟ ಬಡಿದು ಗುರುತು ಮಾಡಿಕೊಳ್ಳಬೇಕು.

1. ದಾರಿಯ ಮೇಲ್ಮಗ್ಗುಲಿಗೆ, ಸಾಧ್ಯವಿದ್ದರೆ ಎರಡೂ ಮಗ್ಗುಲಿಗೆ, ಸುಮಾರು ಒಂದು ಅಡಿ ಆಳದ ಗಟಾರ ತೆಗೆಯಬೇಕು. ಬದಿಗಳು ಇಳಿಜಾರಾಗಿರಲಿ. ನೆಟ್ಟಗೆ ಕಡಿದರೆ ಎರಿಮಣ್ಣು ಕುಸಿದು ಗಟಾರ ಮುಚ್ಚುತ್ತದೆ.

2. ಗಟಾರಕ್ಕೆ ಕೊನೆ ಇರಬೇಕು. ಅದು ಹಳ್ಳಕ್ಕೋ, ಕೃಷಿ ಹೊಂಡಕ್ಕೋ ಹೋಗಿ ಸೇರಬೇಕು. ಕೊನೆಯಿಲ್ಲದ ಗಟಾರ ಉದ್ದನೆಯ ಕುಣಿ ಅಷ್ಟೆ. ಪಕ್ಕದವರ ನಿಂತ ಬೆಳೆಗೆ ನೀರು ತಿರುಗಿಸಿದರೆ ನೀರಿನ ಜೊತೆ ಜಗಳವೂ ಹರಿಯುತ್ತದೆ. ಕೆಳಗಿನ ಹೊಲದವರನ್ನು ಕರೆದು ತೋರಿಸಿ, ಅವರ ಒಪ್ಪಿಗೆಯಿಂದಲೇ ನೀರು ಬಿಡಬೇಕು.

3. ತೆಗೆದ ಮಣ್ಣನ್ನು ದಾರಿಯ ನಡುವೆ ಹಾಕಿ, ಹೆಂಟೆ ಒಡೆದು ದಮ್ಮಸು ಮಾಡಬೇಕು. ದಾರಿ ಆಮೆಯ ಬೆನ್ನಿನಂತೆ ನಡುವೆ ಎತ್ತರ, ಅಂಚಿಗೆ ತಗ್ಗು ಇರಬೇಕು. ಮೂರು ಮೀಟರ ಅಗಲದ ದಾರಿಗೆ ನಡುವೆ ನಾಲ್ಕು ಬೆರಳಿನಷ್ಟು, ಅಂದರೆ 6ರಿಂದ 8 ಸೆಂಟಿಮೀಟರ, ಎತ್ತರ ಸಾಕು.

4. ನೀರು ದಾರಿಯನ್ನು ಅಡ್ಡ ದಾಟಲೇಬೇಕಾದ ಕಡೆ ಸಿಮೆಂಟು ಪೈಪು ಹಾಕಬೇಕು. ಸಣ್ಣ ಪೈಪು ಕಸ, ಕಣಕಿ ಸಿಕ್ಕಿ ಬೇಗ ಮುಚ್ಚುತ್ತದೆ. ಒಂದೂವರೆ ಇಲ್ಲವೆ ಎರಡು ಅಡಿಯ ಪೈಪು ಹಾಕಿದರೆ ಸ್ವಚ್ಛ ಮಾಡುವುದು ಸುಲಭ. ಪೈಪಿನ ಮೇಲೆ ಸಾಕಷ್ಟು ಮಣ್ಣು ಇರದಿದ್ದರೆ ಟ್ರ್ಯಾಕ್ಟರಿನ ಭಾರಕ್ಕೆ ಒಡೆಯುತ್ತದೆ.

5. ಹನಿ ನೀರಾವರಿಯ ಪೈಪಿಗಾಗಿ ದಾರಿ ಅಗೆದ ಕಡೆ ಮಣ್ಣನ್ನು ಒಮ್ಮೆಲೇ ತುಂಬಬಾರದು. ಅರ್ಧ ಅಡಿ ತುಂಬಿ ದಮ್ಮಸು ಮಾಡಿ, ಮತ್ತೆ ಅರ್ಧ ಅಡಿ ತುಂಬಬೇಕು. ದ್ರಾಕ್ಷಿ, ದಾಳಿಂಬೆ ತೋಟ ಹೆಚ್ಚಿದ ಮೇಲೆ ಇಂಥ ಅಗೆತವೂ ಹೆಚ್ಚಿದೆ. ಮೊದಲ ದೊಡ್ಡ ಮಳೆಗೆ ಅಲ್ಲಿಯೇ ದಾರಿ ಕುಸಿಯುತ್ತದೆ.

ಗರಸು ಎಷ್ಟು ಬೇಕು?

ಮರಾಠಿಯಲ್ಲಿ ಮುರುಮ ಎನ್ನುವ ಗರಸು ಕಪ್ಪು ಕಲ್ಲು ಅರ್ಧ ಕರಗಿ ಆದ ಹರಳು ಮಣ್ಣು. ಗುಡ್ಡದ ಬದಿಯಲ್ಲಿ ಸಿಗುತ್ತದೆ. ಕೈಯಲ್ಲಿ ಹಿಡಿದು ನೀರು ಹಾಕಿ ತಿಕ್ಕಿದಾಗ ಹರಳು ಉಳಿಯುವ ಗರಸು ಒಳ್ಳೆಯದು, ಪೂರ್ತಿ ರಾಡಿಯಾಗುವುದು ಕೆಲಸಕ್ಕೆ ಬಾರದು. ಕೆರೆಯ ಹೂಳು ಹೊಲಕ್ಕೆ ಒಳ್ಳೆಯದು, ದಾರಿಗೆ ಎಂದೂ ಹಾಕಬಾರದು.

ಲೆಕ್ಕ ಹೀಗೆ: 100 ಮೀಟರ ಉದ್ದ, 3 ಮೀಟರ ಅಗಲದ ದಾರಿಗೆ 15 ಸೆಂಟಿಮೀಟರ ದಪ್ಪ ಹಾಕಲು 45 ಘನ ಮೀಟರ ಬೇಕು. ಒಂದು ಬ್ರಾಸ ಎಂದರೆ 100 ಘನ ಅಡಿ, ಅಂದರೆ ಸುಮಾರು 2.83 ಘನ ಮೀಟರ. ಹೀಗೆ 16 ಬ್ರಾಸ ಆಯಿತು. ದಮ್ಮಸಾದ ಮೇಲೆ ಗರಸು ಕುಗ್ಗುವುದರಿಂದ 20 ಬ್ರಾಸ ಹಿಡಿಯುವುದು ಲೇಸು. ನಡೆದಾಡುವ ದಾರಿ ಮಾತ್ರ ಸಾಕೆಂದರೆ 50 ಮೀಟರ ಉದ್ದ, 1 ಮೀಟರ ಅಗಲ, 10 ಸೆಂಟಿಮೀಟರ ದಪ್ಪಕ್ಕೆ ಎರಡು ಬ್ರಾಸಿನೊಳಗೆ ಮುಗಿಯುತ್ತದೆ. ಇಡೀ ದಾರಿಗೆ ಹಣ ಇಲ್ಲದ ಕುಟುಂಬ ಈ ಮೀಟರ ಅಗಲದ ಕಾಲುದಾರಿಯನ್ನಾದರೂ ಗಟ್ಟಿ ಮಾಡಿಕೊಂಡರೆ ಶಾಲೆಯ ಮಕ್ಕಳಿಗೂ ಮುದುಕರಿಗೂ ಆಸರೆಯಾಗುತ್ತದೆ.

ಗರಸನ್ನು ಎರಡು ಪದರಾಗಿ ಹಾಕಿ, ಪ್ರತಿ ಪದರಿಗೂ ನೀರು ಚಿಮುಕಿಸಿ, ರೋಲರ ಇಲ್ಲದಿದ್ದರೆ ತುಂಬಿದ ಟ್ರಾಲಿಯನ್ನು ಹತ್ತಾರು ಸಲ ಓಡಿಸಬೇಕು. ಗಾಲಿ ಒಂದೇ ಜಾಡಿನಲ್ಲಿ ಹೋಗದಂತೆ ನೋಡಿಕೊಳ್ಳಬೇಕು. ತೀರ ಜಿಗಟು ಇರುವ ಕಡೆ ಮೇಲಿನ ಅರ್ಧ ಅಡಿ ಎರಿಮಣ್ಣಿಗೆ ಸುಣ್ಣದ ಪುಡಿ ಬೆರೆಸಿ ದಮ್ಮಸು ಮಾಡಿದರೆ ಮಣ್ಣಿನ ಉಬ್ಬುವ ಗುಣ ತಗ್ಗುತ್ತದೆ. ರಸ್ತೆ ಇಂಜಿನಿಯರರು ಮಣ್ಣಿನ ತೂಕದ ಶೇಕಡಾ 3ರಿಂದ 5ರಷ್ಟು ಸುಣ್ಣ ಬಳಸುತ್ತಾರೆ. ಸುಣ್ಣ ಕಣ್ಣಿಗೆ ಅಪಾಯ. ಗಾಳಿ ಬೀಸುವಾಗ ಈ ಕೆಲಸ ಬೇಡ, ಮಕ್ಕಳು ಹತ್ತಿರ ಇರಬಾರದು.

ಗರಸು ಗೌಣ ಖನಿಜ. ಪರವಾನಗಿ ಇಲ್ಲದೆ ಗುಡ್ಡ ಕಡಿದರೆ ದಂಡ ಬೀಳುತ್ತದೆ, ವಾಹನವನ್ನೂ ಹಿಡಿಯುತ್ತಾರೆ. ಕೆಲಸಕ್ಕೆ ಮುಂಚೆ ತಲಾಠಿಯವರನ್ನು ಕೇಳಿ ತಹಸೀಲ ಕಚೇರಿಯಿಂದ ಅನುಮತಿ ಪಡೆಯುವುದು ಒಳ್ಳೆಯದು.

ಅಂಗಳದಿಂದ ಹೊಸ್ತಿಲವರೆಗೆ

ಬಿದ್ದು ಸೊಂಟ ಮುರಿದುಕೊಳ್ಳುವುದು ದೂರದ ದಾರಿಯಲ್ಲಿಯೇ ಆಗಬೇಕೆಂದಿಲ್ಲ. ಬಚ್ಚಲ ಮುಂದಿನ ಪರಸಿ, ದನದ ಕೊಟ್ಟಿಗೆಯ ಬಾಗಿಲು, ನೀರಿನ ಟಾಕಿಯ ಸುತ್ತಮುತ್ತ ಪಾಚಿ ಬೆಳೆದ ಜಾಗ ಇವೂ ಅಷ್ಟೇ ಅಪಾಯದವು. ಬಚ್ಚಲ ನೀರು ದಾರಿಗೆ ಬರದಂತೆ ಇಂಗು ಗುಂಡಿಗೆ ಇಲ್ಲವೆ ಬಾಳೆ, ತೆಂಗಿನ ಬುಡಕ್ಕೆ ತಿರುಗಿಸಬೇಕು.

ಪಾಚಿಯನ್ನು ಒರಟು ಬ್ರಷ್ಷಿನಿಂದ ತಿಕ್ಕಿ ತೆಗೆದು, ನೀರಿನಲ್ಲಿ ಕಲಸಿದ ಬ್ಲೀಚಿಂಗ್ ಪುಡಿ ಹಾಕಿ, ಸ್ವಲ್ಪ ಹೊತ್ತಿನ ನಂತರ ತೊಳೆಯಬೇಕು. ಬ್ಲೀಚಿಂಗ್ ಪುಡಿಯ ಜೊತೆ ಪಾಯಖಾನೆ ತೊಳೆಯುವ ಆಸಿಡ್ ಎಂದೂ ಬೆರೆಸಬಾರದು. ಅದರಿಂದ ಹೊರಡುವ ಅನಿಲ ಉಸಿರುಗಟ್ಟಿಸುತ್ತದೆ. ನುಣುಪು ಪರಸಿ, ಟೈಲ್ಸುಗಳನ್ನು ಹೊರಗೆ ಹಾಕುವುದಕ್ಕಿಂತ ಒರಟು ಮೈಯ ಕಲ್ಲು ಹಾಕುವುದು ಸುರಕ್ಷಿತ.

ರಾಡಿಯ ಮೇಲೆ ಕಣಕಿ, ಹೊಟ್ಟು ಹರಡುವ ರೂಢಿ ಇದೆ. ಒಂದು ದಿನ ಅನುಕೂಲವೆನಿಸುತ್ತದೆ, ಕೊಳೆತ ಮೇಲೆ ಇನ್ನಷ್ಟು ಜಾರುತ್ತದೆ. ಬೂದಿಯೂ ಹಾಗೆಯೇ. ಅಲುಗಾಡುವ ಇಟ್ಟಿಗೆಗಳ ಮೇಲೆ ಹೆಜ್ಜೆ ಇಡುವುದೂ ಅಪಾಯ. ಚಪ್ಪಟೆ ಕಲ್ಲನ್ನು ನಾಲ್ಕು ಬೆರಳು ಗರಸಿನ ಮೇಲೆ ಕೂಡಿಸಿ, ಅಲುಗಾಡದಂತೆ ಬಡಿದು, ಮಗುವಿನ ಹೆಜ್ಜೆಯ ಅಂತರಕ್ಕೆ ಹಾಕುವುದು ಬಾಳಿಕೆಯ ಕೆಲಸ.

ಮುಳ್ಳು, ಕಸ, ಹಾವು

ಬಳ್ಳಾರಿ ಜಾಲಿ ವರ್ಷಕ್ಕೆ ಎರಡು ಮೊಳ ದಾರಿಯೊಳಗೆ ಚಾಚುತ್ತದೆ. ಮೇಲೆ ಕಡಿದರೆ ಬುಡದಿಂದ ನಾಲ್ಕು ಪಟ್ಟು ಚಿಗುರುತ್ತದೆ. ಮಳೆಯ ನಂತರ ಮಣ್ಣು ಮೆತ್ತಗಿರುವಾಗ ಬುಡವನ್ನೇ ಅಗೆದು ತೆಗೆಯಬೇಕು. ಕಡಿದ ಮುಳ್ಳನ್ನು ಆ ದಿನವೇ ದಾರಿಯಿಂದ ಎತ್ತಬೇಕು. ಕಾಂಗ್ರೆಸ್ ಕಸವನ್ನು, ಮರಾಠಿಯ ಗಾಜರ ಗವತವನ್ನು, ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಕೈಗೆ ಬಟ್ಟೆ ಕಟ್ಟಿಕೊಳ್ಳದಿದ್ದರೆ ತುರಿಕೆ ಬರಬಹುದು.

ದಾರಿಯ ಎರಡೂ ಮಗ್ಗುಲಿಗೆ ಒಂದು ಮೀಟರಿನಷ್ಟು ಹುಲ್ಲು ಸವರಿದ್ದರೆ ಹಾವು ಕಣ್ಣಿಗೆ ಬೀಳುತ್ತದೆ. ನಾಗರ, ಕಟ್ಟುಹಾವು, ಮಂಡಲದ ಹಾವು ಮಳೆಗಾಲದಲ್ಲಿ ಹೆಚ್ಚು ತಿರುಗಾಡುತ್ತವೆ. ರಾತ್ರಿ ಬ್ಯಾಟರಿ ಇಲ್ಲದೆ ದಾರಿಗೆ ಇಳಿಯಬಾರದು. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈಕಾಲು ಅಲುಗಾಡಿಸದೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆ ತಾಸಿನಲ್ಲಿ ದಾರಿ ಸ್ವಚ್ಛ ಇದೆಯೋ ಇಲ್ಲವೋ ಎಂಬುದರ ಬೆಲೆ ತಿಳಿಯುತ್ತದೆ.

ಹಿಮದ ನಾಡಿನ ಪಾಠ

ಅಮೆರಿಕ, ಕೆನಡಾದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಚಳಿಗಾಲದಲ್ಲಿ ಇದೇ ಚಿಂತೆ, ರಾಡಿಯ ಬದಲು ಹಿಮ. ಅಲ್ಲಿಯ ಅನೇಕ ನಗರಗಳಲ್ಲಿ ಮನೆಯ ಮುಂದಿನ ಕಾಲುದಾರಿಯ ಹಿಮವನ್ನು ಮನೆಯವರೇ ಇಂತಿಷ್ಟು ತಾಸಿನೊಳಗೆ ತೆಗೆಯಬೇಕೆಂಬ ನಿಯಮವಿದೆ, ತೆಗೆಯದಿದ್ದರೆ ದಂಡ. ಬಿದ್ದ ಹಿಮ ತುಳಿತಕ್ಕೆ ಸಿಕ್ಕಿ ಗಟ್ಟಿ ಮಂಜುಗಡ್ಡೆಯಾಗುವ ಮೊದಲೇ ಎತ್ತಬೇಕು, ಕರಗಿದ ನೀರು ದಾರಿಯಲ್ಲಿ ನಿಲ್ಲಬಾರದು, ಜಾರುವ ಕಡೆ ಮರಳು ಹರಡಬೇಕು. ಉಪ್ಪು ಹಾಕಿದರೆ ನೀರು ಹೆಪ್ಪುಗಟ್ಟುವ ಉಷ್ಣತೆ ಇಳಿದು ಹಿಮ ಕರಗುತ್ತದೆ, ಆದರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದಾಗ ಸಾದಾ ಉಪ್ಪಿನ ಆಟ ಹೆಚ್ಚು ನಡೆಯುವುದಿಲ್ಲ.

ಉಪ್ಪಿನ ಉಪಾಯ ನಮಗೆ ಬೇಡ. ಮಣ್ಣಿನ ದಾರಿಗೆ ಉಪ್ಪು ಹಾಕಿದರೆ ಪಕ್ಕದ ಹೊಲ ಕೆಡುತ್ತದೆ. ಆದರೆ ತುಳಿದು ಕೆಡಿಸುವ ಮೊದಲೇ ಕೆಲಸ ಮಾಡುವುದು, ನೀರು ನಿಲ್ಲಿಸದಿರುವುದು, ತನ್ನ ಮನೆಯ ಮುಂದಿನದು ತನ್ನ ಹೊಣೆ ಎನ್ನುವುದು, ಈ ಮೂರು ಪಾಠ ಹಿಮಕ್ಕೂ ರಾಡಿಗೂ ಒಂದೇ.

ಕಾಗದದಲ್ಲಿಯೂ ದಾರಿ ಇರಲಿ

ದಾರಿ ಹಾಳಾಗುವುದು ಮಳೆಯಿಂದ ಮಾತ್ರವಲ್ಲ. ವರ್ಷಕ್ಕೊಂದು ಸಾಲು ಒಳಗೆ ಉತ್ತರೆ ಹತ್ತು ವರ್ಷದಲ್ಲಿ ಚಕ್ಕಡಿ ದಾರಿ ಕಾಲುದಾರಿಯಾಗುತ್ತದೆ. ಅಣ್ಣತಮ್ಮಂದಿರ ಹಿಸ್ಸೆಯಾದಾಗ ಬಾಯಿಮಾತಿನಲ್ಲಿ ಬಿಟ್ಟ ದಾರಿ ಮಕ್ಕಳ ಕಾಲಕ್ಕೆ ಮುಚ್ಚುತ್ತದೆ. ಆದ್ದರಿಂದ ದಾಖಲೆ ನೋಡಿಕೊಳ್ಳಬೇಕು.

ಮಹಾರಾಷ್ಟ್ರದ ಗಾವ ನಕಾಶೆಯಲ್ಲಿ ಒಂದು ತುಂಡು ಗೆರೆಯಿಂದ ತೋರಿಸಿದ್ದು ಪಾಯಮಾರ್ಗ, ಅಗಲ 8¼ ಅಡಿ. ಎರಡು ತುಂಡು ಗೆರೆಯಿಂದ ತೋರಿಸಿದ್ದು ಗಾಡಿಮಾರ್ಗ, ಅಗಲ 16½ರಿಂದ 21 ಅಡಿ. ನಿಮ್ಮ ದಾರಿ ನಕಾಶೆಯಲ್ಲಿದ್ದರೆ ಅದು ಯಾರೊಬ್ಬರ ದಯೆಯಲ್ಲ.

ಇದ್ದ ದಾರಿಗೆ ಯಾರಾದರೂ ಅಡ್ಡಿ ಮಾಡಿದರೆ 1906ರ ಮಾಮಲೇದಾರ ನ್ಯಾಯಾಲಯ ಕಾಯ್ದೆಯ 5ನೇ ಕಲಮಿನ ಪ್ರಕಾರ ತಹಸೀಲ್ದಾರರಲ್ಲಿ ದಾವೆ ಹಾಕಬಹುದು. ಅಡ್ಡಿಯಾದ ದಿನದಿಂದ 6 ತಿಂಗಳೊಳಗೆ ಹಾಕಬೇಕು. ಹಿರಿಯರು ಹೇಳಿ ನೋಡುತ್ತಾರೆ, ಜಾತ್ರೆ ಮುಗಿಯಲಿ ಎಂದು ಕಾಯುತ್ತ ಈ ಅವಧಿ ಕಳೆದುಕೊಳ್ಳಬಾರದು.

ಹೊಲಕ್ಕೆ ದಾರಿಯೇ ಇಲ್ಲದಿದ್ದರೆ 1966ರ ಮಹಾರಾಷ್ಟ್ರ ಜಮೀನು ಮಹಸೂಲ ಸಂಹಿತೆಯ 143ನೇ ಕಲಮಿನ ಪ್ರಕಾರ ಒಡ್ಡಿನ ಮೇಲಿಂದ ದಾರಿ ಕೇಳಬಹುದು. ಅರ್ಜಿಯಲ್ಲಿ ತಮ್ಮ ಗಟ ನಂಬರು, ಸಾತಬಾರಾ ಉತಾರೆ, ಪಕ್ಕದ ಹಿಡುವಳಿದಾರರ ಹೆಸರು, ಕಚ್ಚಾ ನಕಾಶೆ ಕೊಡಬೇಕು. ಬೇಸಾಯಕ್ಕೆ ದಾರಿಯ ಅಗತ್ಯ ಎಷ್ಟಿದೆ ಎಂಬುದನ್ನು ತಹಸೀಲ್ದಾರರು ನೋಡಿ ತೀರ್ಮಾನಿಸುತ್ತಾರೆ. ತೀರ್ಮಾನ ಒಪ್ಪದವರು ಒಂದು ವರ್ಷದೊಳಗೆ ದಿವಾಣಿ ಕೋರ್ಟಿಗೆ ಹೋಗಬಹುದು. ಮಹಾರಾಷ್ಟ್ರ ಸರಕಾರ 2025ರ ಮೇ 22ರಂದು ಹೊರಡಿಸಿದ ನಿರ್ಣಯದಲ್ಲಿ ಹೊಲದ ದಾರಿ 3ರಿಂದ 4 ಮೀಟರ ಅಗಲ ಇರಬೇಕು, ಸಾತಬಾರಾದ ಇತರ ಹಕ್ಕು ಕಾಲಮಿನಲ್ಲಿ ದಾಖಲಾಗಬೇಕು ಎಂದು ಹೇಳಿದೆ. ದಾರಿ ಸಿಕ್ಕ ಮೇಲೆ ಈ ದಾಖಲೆ ಮಾಡಿಸದೆ ಬಿಡಬಾರದು.

ಹೊಲ ಗಡಿಯ ಆಚೆ, ಅಥಣಿ, ತಿಕೋಟಾ, ಚಡಚಣ ಕಡೆ ಇದ್ದರೆ ಕರ್ನಾಟಕದ ಪಹಣಿ ಮತ್ತು ಗ್ರಾಮ ನಕಾಶೆ ನೋಡಬೇಕು, ಅರ್ಜಿ ಅಲ್ಲಿಯ ತಹಸೀಲ್ದಾರರಿಗೆ. ಒಂದೇ ದಾರಿ ಎರಡು ರಾಜ್ಯದಲ್ಲಿ ಹಾದಿದ್ದರೆ ಎರಡು ಕಡೆಯೂ ಬೇರೆ ಬೇರೆ ಅರ್ಜಿ ಕೊಡಬೇಕಾಗುತ್ತದೆ.

ಸರಕಾರಿ ಹಣ

1972ರ ಬರಗಾಲದಲ್ಲಿ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಖಡಿ ಒಡೆದು ರಸ್ತೆ ಮಾಡುವ ಕೆಲಸ ಸಾವಿರಾರು ಕುಟುಂಬಗಳ ಹೊಟ್ಟೆ ತುಂಬಿಸಿತ್ತು. ಅಲ್ಲಿಂದ ಬೆಳೆದು ಬಂದದ್ದೇ ರೋಜಗಾರ ಹಮಿ. 2021ರ ನವೆಂಬರ್ 11ರಂದು ಮಹಾರಾಷ್ಟ್ರ ಸರಕಾರ ಮಾತೋಶ್ರೀ ಗ್ರಾಮ ಸಮೃದ್ಧಿ ಶೇತ ಪಾಣಂದ ರಸ್ತೆ ಯೋಜನೆಯನ್ನು ಉದ್ಯೋಗ ಖಾತ್ರಿಯ ಜೊತೆ ಜೋಡಿಸಿ ಹೊರಡಿಸಿತು. ಯೋಜನೆಗಳ ಹೆಸರು, ನಿಯಮ ಬದಲಾಗುತ್ತಿರುತ್ತವೆ. ಆದರೆ ಎಲ್ಲದಕ್ಕೂ ಬೇಕಾದದ್ದು ಗ್ರಾಮಸಭೆಯ ಠರಾವು, ಅತಿಕ್ರಮಣ ಇಲ್ಲದ ಜಾಗ, ಅಕ್ಕಪಕ್ಕದವರ ಒಪ್ಪಿಗೆ. ಒಪ್ಪಿಗೆಯ ಪತ್ರ ಮೊದಲೇ ಕೈಯಲ್ಲಿದ್ದ ವಸ್ತಿಯ ಕೆಲಸ ಬೇಗ ಸಾಗುತ್ತದೆ.

ಕಚೇರಿಯಲ್ಲಿ ಬೇಕಾಗುವ ಶಬ್ದಗಳು

ಪಾಯವಾಟ: ಕಾಲುದಾರಿ
ಗಾಡಿವಾಟ: ಚಕ್ಕಡಿ ದಾರಿ, ಬಂಡಿದಾರಿ
ಬಾಂಧ: ಒಡ್ಡು
ಶೀವ: ಊರಿನ ಸೀಮೆ
ಅಡಥಳಾ: ಅಡ್ಡಿ
ವಹಿವಾಟ: ರೂಢಿಯಿಂದ ಬಂದ ಬಳಕೆ
ಲಗತಚೆ ಖಾತೇದಾರ: ಪಕ್ಕದ ಹಿಡುವಳಿದಾರರು
ಸ್ಥಳ ಪಾಹಣಿ: ಜಾಗಕ್ಕೆ ಬಂದು ನೋಡುವುದು

ಕೊನೆಯ ಶಬ್ದದ ವಿಷಯದಲ್ಲಿ ಎಚ್ಚರ ಬೇಕು. ಮರಾಠಿಯಲ್ಲಿ ಪಾಹಣಿ ಎಂದರೆ ನೋಡುವುದು, ಕನ್ನಡದ ಪಹಣಿ ಎಂದರೆ ಜಮೀನಿನ ಉತಾರೆ. ಸ್ಥಳ ಪಾಹಣಿಯ ನೋಟಿಸು ಬಂದಾಗ ಉತಾರೆ ಹಿಡಿದು ಕಚೇರಿಗೆ ಓಡುವುದಲ್ಲ, ಆ ದಿನ ಹೊಲದಲ್ಲಿ ಹಾಜರಿರಬೇಕು.

ಮಳೆ ಹತ್ತುವ ಮೊದಲು

ಪ್ರತಿ ವಸ್ತಿಯವರು ಮಳೆಗಾಲಕ್ಕೆ ಮುಂಚೆ ಒಂದು ಮಾತು ಗೊತ್ತು ಮಾಡಿಕೊಳ್ಳಬೇಕು: ದಾರಿ ಕಟ್ಟಾದರೆ ರೋಗಿಯನ್ನು ಯಾವ ಒಡ್ಡಿನ ಮೇಲಿಂದ, ಯಾರ ಹೊಲದ ಮೂಲಕ ರಸ್ತೆಗೆ ತರುವುದು? ಹೊಲದವರಿಗೆ ಮೊದಲೇ ಹೇಳಿಟ್ಟಿರಬೇಕು. ಆಂಬುಲೆನ್ಸಿನ 108 ನಂಬರು ಎರಡೂ ರಾಜ್ಯಗಳಲ್ಲಿ ಒಂದೇ. ಗಡಿಯ ಊರಿನವರು ಫೋನು ಮಾಡಿದಾಗ ಮೊದಲು ರಾಜ್ಯ, ಜಿಲ್ಲೆ, ತಾಲೂಕು ಹೇಳಿ, ಆಮೇಲೆ ಊರು, ವಸ್ತಿ, ಡಾಂಬರು ರಸ್ತೆಯ ಗುರುತು ಹೇಳಬೇಕು. ಹೆರಿಗೆಯ ದಿನ ಹತ್ತಿರವಿದ್ದ ಬಸುರಿಯನ್ನು ಹಸ್ತ, ಚಿತ್ತಿ ಮಳೆಯ ದಿನಗಳಲ್ಲಿ ರಸ್ತೆಗೆ ಹತ್ತಿರದ ನೆಂಟರ ಮನೆಯಲ್ಲಿ ಇರಿಸುವುದು ಜಾಣತನ.

ಗಣೇಶ ಚೌತಿ ಕಳೆದ ಮೇಲೆ ಇನ್ನೊಮ್ಮೆ ಸಲಿಕೆ ಹಿಡಿದು ಗಟಾರ, ಪೈಪು ನೋಡಬೇಕು. ಮುಂಗಾರಿನ ಕಸ ಅಲ್ಲಿ ಸಿಕ್ಕಿಕೊಂಡಿರುತ್ತದೆ, ದೊಡ್ಡ ಮಳೆ ಇನ್ನೂ ಮುಂದೆ ಇರುತ್ತದೆ. ಮನೆಗೊಬ್ಬರಂತೆ ವರ್ಷಕ್ಕೆ ಎರಡು ದಿನ ದುಡಿದರೆ ಒಂದು ವಸ್ತಿಯ ದಾರಿ ಉಳಿಯುತ್ತದೆ. ಆ ಎರಡು ದಿನ ತಪ್ಪಿದರೆ, ಮಳೆಯ ನಡುರಾತ್ರಿ ಹೊರಸಿಗೆ ಹೆಗಲು ಕೊಡಲು ಅದೇ ಜನ ಸೇರಬೇಕಾಗುತ್ತದೆ.